ಎರಡು ಸ್ಕ್ರೀನ್‌ಶಾಟ್ ತಂದರೆ ಕೇಸಾಗುವುದಿಲ್ಲ

ಟೇಬಲ್ಲಿನ ಮೇಲೆ ಎರಡು ಫೋನು ಪಕ್ಕಪಕ್ಕ ಇಟ್ಟು "ಮೇಡಂ, ನೀವೇ ನೋಡಿ" ಅನ್ನುವವರು ಈಚೆಗೆ ವಾರಕ್ಕೆ ಇಬ್ಬರಾದರೂ ಬರುತ್ತಾರೆ. ಒಂದು ಗಂಡನ ಫೋನು, ಇನ್ನೊಂದು ಹೆಂಡತಿಯದು. ಅದೇ ಜಯನಗರದಿಂದ ಅದೇ ಮೆಜೆಸ್ಟಿಕ್ಕಿಗೆ ಗಂಡನ ದುಬಾರಿ ಫೋನಿನಲ್ಲಿ ಕ್ಯಾಬಿಗೆ 312 ರೂಪಾಯಿ, ಹೆಂಡತಿಯ ಹಳೇ ಫೋನಿನಲ್ಲಿ 268. "ಹಗಲುದರೋಡೆ ಅಲ್ವಾ ಇದು? ಕೇಸ್ ಹಾಕಿ, ಬಿಡಬೇಡಿ."

ಯಾವಾಗ ನೋಡಿದ್ದು ಅಂತ ಕೇಳುತ್ತೇನೆ. "ಒಟ್ಟಿಗೇ ನೋಡಿದ್ವಿ" ಅನ್ನುತ್ತಾರೆ. ಸ್ಕ್ರೀನ್‌ಶಾಟಿನ ಮೂಲೆಯ ಗಡಿಯಾರ ಬೇರೆ ಕಥೆ ಹೇಳುತ್ತದೆ: ಒಂದರಲ್ಲಿ 6.41, ಇನ್ನೊಂದರಲ್ಲಿ 6.52. ಮಳೆ ಹಿಡಿದ ಬೆಂಗಳೂರಿನ ಸಂಜೆಯಲ್ಲಿ ಹನ್ನೊಂದು ನಿಮಿಷ ಅಂದರೆ ಒಂದು ಯುಗ. ಎದುರು ಪಕ್ಷದ ವಕೀಲರು ಎದ್ದು ನಿಂತು ಆ ಗಡಿಯಾರವನ್ನಷ್ಟೇ ತೋರಿಸಿದರೂ ನಮ್ಮ ಕೇಸು ಅಲ್ಲಿಗೆ ಮುಗಿಯಿತು. ಇದನ್ನು ಹೇಳಿದ ಕೂಡಲೇ ಕೆಲವರಿಗೆ ನಾನು ಕಂಪನಿ ಕಡೆಯವಳು ಅನ್ನಿಸಿಬಿಡುತ್ತದೆ. ಹಾಗಲ್ಲ ಸ್ವಾಮಿ. ಇಪ್ಪತ್ತೆರಡು ವರ್ಷದಿಂದ ಗ್ರಾಹಕರ ಪರವೇ ವಾದಿಸುತ್ತಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಬೆಲೆ ಬದಲಾಗುವುದು ಬೇರೆ, ನಿಮ್ಮನ್ನು ನೋಡಿ ಬದಲಾಗುವುದು ಬೇರೆ. ಇದೊಂದು ಮಾತು ತಲೆಗೆ ಹೋದರೆ ನನ್ನ ಅರ್ಧ ಕೆಲಸ ಮುಗಿದಂತೆ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ಗಾಂಧಿ ಬಜಾರಿಗೆ ಹೋಗಿ. ಮೊಳ ಮಲ್ಲಿಗೆಯ ರೇಟು ಕೇಳಿ ಎದೆ ಝಲ್ಲೆನ್ನುತ್ತದೆ. ಬೈದುಕೊಂಡೇ ಕೊಳ್ಳುತ್ತೇವೆ. ಆದರೆ ನನ್ನ ಹಿಂದೆ ನಿಂತ ಅಜ್ಜಿಗೂ ಅದೇ ರೇಟು. ರಾಜಧಾನಿ, ಶತಾಬ್ದಿ, ದುರಂತೋ ರೈಲುಗಳಿಗೆ 2016ರ ಸೆಪ್ಟೆಂಬರಿನಲ್ಲಿ ಫ್ಲೆಕ್ಸಿ ದರ ಬಂತಲ್ಲ, ಅದೂ ಹೀಗೆಯೇ: ಶೇ 10ರಷ್ಟು ಸೀಟು ತುಂಬಿದಂತೆಲ್ಲ ಮೂಲ ದರ ಶೇ 10ರಷ್ಟು ಮೇಲಕ್ಕೆ, ಆಗಿನ ಮಿತಿ ಹೆಚ್ಚೆಂದರೆ ಒಂದೂವರೆ ಪಟ್ಟು. ಆ ಏಣಿ ಎಲ್ಲರ ಕಣ್ಣಿಗೂ ಕಾಣುತ್ತದೆ, ಹತ್ತುವವನು ಯಾರು ಅಂತ ಅದು ನೋಡುವುದಿಲ್ಲ. ವಿಮಾನದ ಟಿಕೆಟ್ಟನ್ನು ಎರಡನೇ ಸಲ ಹುಡುಕಿದರೆ ದರ ಏರುತ್ತದೆ, ಇನ್‌ಕಾಗ್ನಿಟೋದಲ್ಲಿ (ಬ್ರೌಸರಿನ ಗುಟ್ಟಿನ ಕಿಟಕಿಯಲ್ಲಿ) ನೋಡಬೇಕು ಅಂತ ನನಗೇ ಪಾಠ ಹೇಳುವ ಕಕ್ಷಿದಾರರಿದ್ದಾರೆ. ಅವರಿಗೆ ನನ್ನದೊಂದು ಸಣ್ಣ ಸಲಹೆ: ನಾಲ್ವರಿಗೆ ಹುಡುಕುವ ಮುಂಚೆ ಒಬ್ಬರಿಗೆ ಹುಡುಕಿ ನೋಡಿ. ಕಡಿಮೆ ದರದ ಸೀಟು ಎರಡೇ ಉಳಿದಿದ್ದರೆ ಸಾಮಾನ್ಯವಾಗಿ ನಾಲ್ಕಕ್ಕೂ ಮೇಲಿನ ದರವನ್ನೇ ತೋರಿಸುತ್ತಾರೆ. ಅದರಲ್ಲಿ ನಿಮ್ಮ ಮೇಲಿನ ದ್ವೇಷವೇನೂ ಇಲ್ಲ.

ಈಗ ಸೀರೆ ಅಂಗಡಿಗೆ ಬನ್ನಿ. ಗದ್ದಿಗೆ ಮೇಲೆ ಕೂತವನು ಮೊದಲು ನೋಡುವುದು ನಿಮ್ಮ ಚಪ್ಪಲಿ, ಆಮೇಲೆ ಕೈಯಲ್ಲಿರುವ ಕಾರಿನ ಕೀಲಿ, ಆಮೇಲೆ ಕತ್ತಿನ ಸರ. ಇವರಿಂದ ಎಷ್ಟು ಕೀಳಬಹುದು ಅನ್ನುವ ಲೆಕ್ಕ ಅವನ ಕಣ್ಣಲ್ಲೇ ಓಡುತ್ತಿರುತ್ತದೆ. ವೈಯಕ್ತಿಕ ಬೆಲೆ ಅಂದರೆ ಇದು. ಆದರೆ ಅಲ್ಲಿ ನಾನೂ ಅವನ ಮುಖ ನೋಡುತ್ತಿರುತ್ತೇನೆ. ಎದ್ದು ಮೆಟ್ಟಿಲವರೆಗೆ ಹೋದರೆ "ಬನ್ನಿ ಅಕ್ಕಾ, ಕೊನೇ ರೇಟು ಹೇಳ್ತೀನಿ" ಅಂತ ಕರೆಯುತ್ತಾನೆ. ಆ್ಯಪ್ ಕೂಡ ಕರೆಯುತ್ತದೆ, ಮರುದಿನ ಕೂಪನ್ ಕಳಿಸಿ. ಯಾರನ್ನು ಕರೆದರೆ ಲಾಭ, ಯಾರನ್ನು ಕರೆಯದಿದ್ದರೂ ತಾವೇ ಬರುತ್ತಾರೆ ಅನ್ನುವುದು ಅದಕ್ಕೆ ಮೊದಲೇ ಗೊತ್ತು. ನಮಗೆ ಅದರ ಮುಖವೇ ಕಾಣುವುದಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಕಂಪನಿಗಳೆಲ್ಲ ಸಾಚಾ ಅಂತಲ್ಲ. 2000ನೇ ಇಸವಿಯಲ್ಲಿ ಅಮೆರಿಕದಲ್ಲಿ ಅಮೆಜಾನ್ ಒಂದೇ ಡಿವಿಡಿಯನ್ನು ಬೇರೆ ಬೇರೆ ಗ್ರಾಹಕರಿಗೆ ಬೇರೆ ಬೇರೆ ಬೆಲೆಗೆ ತೋರಿಸಿ ಸಿಕ್ಕಿಬಿತ್ತು. ಹಳೇ ಗಿರಾಕಿ ಅಂತ ಗುರುತು ಹಿಡಿದು ಜಾಸ್ತಿ ಹಾಕಿದ್ದಾರೆ ಅಂತ ಜನ ರೇಗಿದರು. ಇಲ್ಲ, ಯಾರಿಗೆ ಯಾವ ಬೆಲೆ ಅನ್ನುವುದು ಬರೀ ಚೀಟಿ ಎತ್ತಿದ ಹಾಗೆ, ಅದೊಂದು ಪರೀಕ್ಷೆ ಅಂತ ಕಂಪನಿ ಹೇಳಿತು. ಕೊನೆಗೆ 6,896 ಗ್ರಾಹಕರಿಗೆ ಸರಾಸರಿ 3.10 ಡಾಲರ್ ವಾಪಸ್ ಕೊಟ್ಟಿತು. ಗಮನಿಸಿ, ಎರಡೂ ಕಡೆಯವರ ಕೈಯಲ್ಲಿ ಇದ್ದದ್ದು ಅದೇ ಅಂಕಿಗಳು. ಯಾಕೆ ಬದಲಾಯಿತು ಅನ್ನುವ ಉತ್ತರ ಮಾತ್ರ ಒಂದು ಕಡೆಯವರ ಹತ್ತಿರ ಇತ್ತು.

ನಮ್ಮಲ್ಲಿ 2025ರ ಜನವರಿಯಲ್ಲಿ ನಡೆದದ್ದೂ ಅದೇ. ಫೋನ್ ಯಾವುದು ಅಂತ ನೋಡಿ ದರ ಹಾಕುತ್ತಾರೆ ಅನ್ನುವ ದೂರಿನ ಮೇಲೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಓಲಾ, ಊಬರ್ ಎರಡಕ್ಕೂ ನೋಟಿಸ್ ಕೊಟ್ಟಿತು. ಅದನ್ನು ಪ್ರಕಟಿಸಿದವರು ಧಾರವಾಡದ ಸಂಸದರೂ ಆದ ಗ್ರಾಹಕ ವ್ಯವಹಾರ ಸಚಿವ ಪ್ರಲ್ಹಾದ ಜೋಶಿ. ಎರಡೂ ಕಂಪನಿ ಆರೋಪ ಅಲ್ಲಗಳೆದವು. (ನಮ್ಮ ರಾಜ್ಯದ ಸಾರಿಗೆ ಇಲಾಖೆ 2024ರ ಫೆಬ್ರವರಿಯಲ್ಲಿ ಟ್ಯಾಕ್ಸಿ ದರ ನಿಗದಿ ಮಾಡಿದಾಗ ವಾಹನದ ಬೆಲೆ ನೋಡಿ ಮೂರು ವರ್ಗ ಮಾಡಿತ್ತು, 10 ಲಕ್ಷದೊಳಗಿನ ಗಾಡಿಗೆ ಮೊದಲ 4 ಕಿ.ಮೀ.ಗೆ 100 ರೂಪಾಯಿ. ಗಾಡಿಯ ಬೆಲೆ ನೋಡಿ ದರ ಹಾಕುವುದು ಸರಿ; ಕೂತವನ ಫೋನಿನ ಬೆಲೆ ನೋಡಿ ಅಲ್ಲ.)

ಕಾನೂನೇ ಇಲ್ಲವೇ ಅಂದರೆ, ಇದೆ. 2020ರ ಇ-ಕಾಮರ್ಸ್ ನಿಯಮಗಳಲ್ಲಿ 4ನೇ ನಿಯಮದ 11ನೇ ಉಪನಿಯಮ ತೆಗೆದು ನೋಡಿ. ಒಂದೇ ವರ್ಗದ ಗ್ರಾಹಕರ ನಡುವೆ ತಾರತಮ್ಯ ಮಾಡಬಾರದು, ಅವರ ಹಕ್ಕಿಗೆ ಧಕ್ಕೆಯಾಗುವಂತೆ ಮನಸ್ಸಿಗೆ ಬಂದ ಹಾಗೆ ವರ್ಗೀಕರಿಸಬಾರದು ಅನ್ನುತ್ತದೆ. ಓದಿದಾಗ ಖುಷಿಯಾಗುತ್ತದೆ. ವಾದಕ್ಕೆ ನಿಂತಾಗ "ಒಂದೇ ವರ್ಗ" ಅನ್ನುವ ಎರಡು ಪದ ಕಾಲಿಗೆ ತೊಡರುತ್ತವೆ. ವರ್ಗ ಮಾಡುವವರು ಯಾರು? ಕಂಪನಿ. "ಇವರು ತಿಂಗಳಿಗೆ ಹತ್ತು ಸಲ ಆರ್ಡರ್ ಮಾಡುವವರು, ಅವರು ಮೂರು ತಿಂಗಳಿಂದ ಬಾರದವರು, ಇಬ್ಬರೂ ಒಂದೇ ವರ್ಗ ಹೇಗಾಗ್ತಾರೆ ಸ್ವಾಮಿ?" ಅಂತ ಅವರ ವಕೀಲರು ನಗುತ್ತಲೇ ಕೇಳಬಹುದು. ಅವರು ಫೀಸು ಕೊಟ್ಟಿದ್ದರೆ ನಾನೂ ಹಾಗೇ ಕೇಳುತ್ತಿದ್ದೆನೋ ಏನೋ.

ಇನ್ನೊಂದು ಗುರಾಣಿ ಎಂಆರ್‌ಪಿ. ಅದು ಮೇಲ್ಮಿತಿ ಮಾತ್ರ. ಕೆಳಗೆ ಎಷ್ಟಕ್ಕಾದರೂ ಮಾರಬಹುದು. ಹಾಗಾಗಿ ಎಂಆರ್‌ಪಿ ಇರುವ ಸಾಮಾನಿಗೆ ವೈಯಕ್ತಿಕ ಬೆಲೆ ಬರುವುದು ಹೆಚ್ಚಳದ ವೇಷದಲ್ಲಿ ಅಲ್ಲ, ರಿಯಾಯಿತಿಯ ವೇಷದಲ್ಲಿ. ನಮ್ಮ ಬೀದಿಯ ಒಬ್ಬ ಅತ್ತೆ ಮೂರು ವರ್ಷದಿಂದ ಒಂದೇ ಆ್ಯಪಿನಲ್ಲಿ ದಿನಸಿ ತರಿಸುತ್ತಾರೆ. ಮೊನ್ನೆ ಸೊಸೆ ಅದೇ ಆ್ಯಪನ್ನು ಹೊಸದಾಗಿ ಹಾಕಿಕೊಂಡಳು. ಅದೇ ಬೇಳೆ, ಅದೇ ಎಣ್ಣೆ, ಅದೇ ಮನೆ ಬಾಗಿಲು. ಸೊಸೆಗೆ 120 ರೂಪಾಯಿ ಕಡಿಮೆ. ಅತ್ತೆ ಸಿಟ್ಟಾದದ್ದು ದುಡ್ಡಿಗಲ್ಲ. "ಶೆಟ್ಟರ ಅಂಗಡೀಲಿ ಕೊಸರು ಹಾಕ್ತಿದ್ದದ್ದು ಖಾತೆ ಗಿರಾಕಿಗೆ ಕಣಮ್ಮ. ಇಲ್ಲಿ ನಿನ್ನೆ ಬಂದವರಿಗೆ ಕೊಸರು, ನಮಗೆ ಬರೀ ತೂಕ!" ಚೀನಾದಲ್ಲಿ ಇದಕ್ಕೆ ಒಂದು ಮಾತೇ ಇದೆ: ದತ್ತಾಂಶ ಹಿಡಿದು ಪರಿಚಯದವರನ್ನೇ ಕೊಯ್ಯುವುದು. 2021ರ ನವೆಂಬರ್ 1ರಿಂದ ಜಾರಿಯಾದ ಅಲ್ಲಿನ ವೈಯಕ್ತಿಕ ಮಾಹಿತಿ ಕಾನೂನು, ಯಂತ್ರ ಮಾಡುವ ತೀರ್ಮಾನದ ಮೂಲಕ ಬೆಲೆಯಲ್ಲಿ ಅಸಮಂಜಸ ಭೇದ ಮಾಡಬಾರದು ಎಂದಿತು.

ಬೆಲೆ ಮುಟ್ಟದೆಯೂ ಇದನ್ನು ಮಾಡಬಹುದು. 2012ರಲ್ಲಿ ಆರ್ಬಿಟ್ಸ್ ಅನ್ನುವ ಪ್ರವಾಸ ಬುಕಿಂಗ್ ಜಾಲತಾಣ ಮ್ಯಾಕ್ ಕಂಪ್ಯೂಟರಿನವರಿಗೆ ದುಬಾರಿ ಹೋಟೆಲುಗಳನ್ನು ಮೇಲೆ ತೋರಿಸುತ್ತಿದ್ದುದು ಸುದ್ದಿಯಾಯಿತು. ಅದೇ ಕೋಣೆಗೆ ಅದೇ ದರ, ಪಟ್ಟಿಯ ಕ್ರಮ ಮಾತ್ರ ಬೇರೆ. ಎರಡು ಸ್ಕ್ರೀನ್‌ಶಾಟ್ ಇಟ್ಟು ಅಂಕಿ ಹೋಲಿಸುವವರಿಗೆ ಇದು ಕಾಣುವುದೇ ಇಲ್ಲ.

ಬರುವವರಲ್ಲಿ ಒಬ್ಬರ ಮೇಲೆ ಮಾತ್ರ ನನಗೆ ವಿಶೇಷ ಪ್ರೀತಿ. ನಿವೃತ್ತ ಗಣಿತದ ಮೇಷ್ಟ್ರು. ಇನ್ನೂರು ಪುಟದ ನೋಟ್‌ಬುಕ್ಕು, ಗೆರೆ ಎಳೆದು ಆರು ಕಾಲಂ: ದಿನಾಂಕ, ನಿಮಿಷ, ಸ್ಥಳ, ಫೋನು ಒಂದು, ಫೋನು ಎರಡು, ವ್ಯತ್ಯಾಸ. ಹತ್ತೊಂಬತ್ತು ದಿನ ಗಂಡ ಹೆಂಡತಿ ಜಗಲಿಯಲ್ಲಿ ಕೂತು "ಒಂದು, ಎರಡು, ಮೂರು" ಅಂತ ಎಣಿಸಿ ಒಟ್ಟಿಗೇ ಗುಂಡಿ ಒತ್ತಿದ್ದಾರೆ. ನಾಲ್ಕು ದಿನ ಎರಡೂ ಸಮ. ಅದನ್ನೂ ಮುಚ್ಚಿಡದೆ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ನಾಲ್ಕು ದಿನವನ್ನು ಬಿಟ್ಟುಬಿಡುವ ಕಕ್ಷಿದಾರರನ್ನು ಬೇಕಾದಷ್ಟು ನೋಡಿದ್ದೇನೆ, ಬರೆದಿಟ್ಟವರನ್ನು ಇವರೊಬ್ಬರನ್ನೇ.

ಇಷ್ಟಾದರೂ ಆ ನೋಟ್‌ಬುಕ್ಕು ಸಾಬೀತು ಮಾಡುವುದು ವ್ಯತ್ಯಾಸವನ್ನು ಮಾತ್ರ, ಕಾರಣವನ್ನಲ್ಲ. ಸಾಂಬಾರಿಗೆ ಏನು ಹಾಕಿದ್ದಾರೆ ಅಂತ ಊಟ ಮಾಡಿದವರು ಸಾಬೀತು ಮಾಡಬೇಕು, ಅಡುಗೆಮನೆ ಬೀಗದ ಕೈ ಅಡುಗೆಯವನ ಸೊಂಟದಲ್ಲಿ ಅಂದರೆ ಹೇಗೆ? ನಿಯಂತ್ರಣ ಬೇಕಾಗಿರುವುದು ಇಲ್ಲಿ. ಎಲ್ಲರಿಗೂ ಒಂದೇ ಬೆಲೆ ಅಂತ ಕೂಗಬೇಡಿ. ಹಾಗೆ ಮಾಡಿದರೆ ಹಿರಿಯ ನಾಗರಿಕರ ರಿಯಾಯಿತಿಗೂ ಕತ್ತರಿ ಬೀಳಬಹುದು. ನನ್ನ ಯಾವ ಮಾಹಿತಿ ಈ ಬೆಲೆಯೊಳಗೆ ಹೋಗಿದೆ ಅಂತ ಕೇಳಿ, ಮತ್ತು ಹೋಗಿಲ್ಲ ಅಂತ ತೋರಿಸುವ ಹೊಣೆ ಕಂಪನಿಯದಾಗಲಿ ಅಂತ ಕೇಳಿ. ಐರೋಪ್ಯ ಒಕ್ಕೂಟದಲ್ಲಿ 2022ರ ಮೇ 28ರಿಂದ ಬೆಲೆಯನ್ನು ಯಂತ್ರ ನಿಮಗೆಂದೇ ಹೊಂದಿಸಿದ್ದರೆ ಮುಂಚಿತವಾಗಿ ಹೇಳಬೇಕು. ನ್ಯೂಯಾರ್ಕ್ ರಾಜ್ಯದಲ್ಲಿ 2025ರ ನವೆಂಬರಿನಿಂದ, ನಿಮ್ಮ ವೈಯಕ್ತಿಕ ಮಾಹಿತಿ ಬಳಸಿ ಅಲ್ಗಾರಿದಂ ಈ ಬೆಲೆ ನಿಗದಿ ಮಾಡಿದೆ ಅಂತ ಬೆಲೆಯ ಪಕ್ಕದಲ್ಲೇ ಬರೆಯಬೇಕು. ಯಾವ ಮಾಹಿತಿ ಅಂತ ಅಲ್ಲೂ ಹೇಳಬೇಕಾಗಿಲ್ಲ. ಅದು ಅರ್ಧ ಬಾಗಿಲು. ನಮ್ಮ ದತ್ತಾಂಶ ಸಂರಕ್ಷಣಾ ನಿಯಮಗಳು 2025ರ ನವೆಂಬರಿನಲ್ಲಿ ಬಂದವು, ಆದರೆ ಮುಖ್ಯ ಭಾಗಗಳ ಜಾರಿಗೆ 18 ತಿಂಗಳ ಗಡುವು.

ಅಲ್ಲಿಯವರೆಗೆ? ನಿಮ್ಮ ಕಾಗದಪತ್ರ ನೋಡದೆ ಖಚಿತವಾಗಿ ಏನೂ ಹೇಳಲಾರೆ. ಆದರೆ 44 ರೂಪಾಯಿಗಾಗಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಓಡುವ ಬದಲು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 17ನೇ ಕಲಂ ನೋಡಿ. ಒಂದಿಡೀ ಗ್ರಾಹಕ ಸಮೂಹಕ್ಕೆ ತೊಂದರೆಯಾಗುವ ವಿಷಯವಾದರೆ ಜಿಲ್ಲಾಧಿಕಾರಿಗೋ ಕೇಂದ್ರ ಪ್ರಾಧಿಕಾರಕ್ಕೋ ದೂರು ಬರೆಯಬಹುದು. ತನಿಖೆಯ ಅಧಿಕಾರ ಇವರಿಗಿದೆ; ಅಡುಗೆಮನೆಗೆ ನುಗ್ಗಬಲ್ಲವರು ಇವರೇ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೂ ದೂರು ದಾಖಲಾಗುತ್ತದೆ. ಸ್ಕ್ರೀನ್‌ಶಾಟನ್ನು ಕ್ರಾಪ್ ಮಾಡಬೇಡಿ, ಗಡಿಯಾರ ಕಾಣಲಿ. ವಾಟ್ಸಾಪಿನಲ್ಲಿ ಹತ್ತು ಜನರಿಗೆ ಕಳಿಸಿದ ಮೇಲೆ ಮೂಲ ಚಿತ್ರವನ್ನು ಅಳಿಸಿ ಬರಬೇಡಿ, ದಯವಿಟ್ಟು.

ಮೇಷ್ಟ್ರ ಪರವಾಗಿ ಕಂಪನಿಗೆ ಪತ್ರ ಬರೆದೆವು. ಇಪ್ಪತ್ತು ದಿನಕ್ಕೆ ನಾಲ್ಕು ಸಾಲಿನ ಉತ್ತರ ಬಂತು: ದರವು ಅನೇಕ ಅಂಶಗಳನ್ನು ಅವಲಂಬಿಸಿರುತ್ತದೆ. ಮೇಷ್ಟ್ರು ಕನ್ನಡಕ ಹಣೆಗೇರಿಸಿ ಅದನ್ನು ಎರಡು ಸಲ ಓದಿದರು.

"ಆ ಅನೇಕ ಅಂಶಗಳಲ್ಲಿ ನಾನೂ ಒಂದಾ, ಮೇಡಂ?"

ಎರಡನೇ ಪತ್ರದಲ್ಲಿ ಆ ಪ್ರಶ್ನೆಯನ್ನು ಹಾಗೇ ಇಳಿಸಿ ಕಳಿಸಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.