ಬಣ್ಣದ ವೇಷದ ಮೇಲೆ ಬಣ್ಣದ ಲೈಟು

ದೀಪಾವಳಿ ಕಳೆದು ಯಕ್ಷಗಾನದ ಆಟದ ದಿನಗಳು ಬಂದರೆ ಹೊನ್ನಾವರ, ಕುಮಟಾ, ಶಿರಸಿ ಕಡೆ ಒಂದು ವಾದವೂ ಜೊತೆಗೇ ಶುರುವಾಗುತ್ತದೆ. ರಾಕ್ಷಸನ ಪ್ರವೇಶಕ್ಕೆ ಕೆಂಪು ಎಲ್‌ಇಡಿ, ನೀಲಿ ಹೊಗೆ ಬೇಕೋ ಬೇಡವೋ? ಹಾರರ್ ಸಿನಿಮಾ ನೋಡಿ ಬೆಳೆದವರನ್ನು ರಂಗದ ಮುಂದೆ ಕೂರಿಸಲು ಬೇಕು ಎಂದು ಕೆಲವರು. ಇದು ಸಿನಿಮಾ ಅಲ್ಲ ಎಂದು ಉಳಿದವರು. ಸಿನಿಮಾದವರು ಈ ಬೆಳಕನ್ನು ಹೇಗೆ ದುಡಿಸಿಕೊಂಡರು ಎಂದು ಎರಡೂ ಕಡೆಯವರು ವಿಚಾರಿಸುವುದಿಲ್ಲ.

ಮೂಕಿ ಚಿತ್ರಗಳಲ್ಲೇ ಭಯಕ್ಕೆ ಬಣ್ಣವಿತ್ತು. ಹಗಲು ತೆಗೆದ ದೃಶ್ಯದ ಫಿಲ್ಮಿಗೆ ನೀಲಿ ಬಣ್ಣ ಹಾಕಿ ರಾತ್ರಿ ಮಾಡುತ್ತಿದ್ದರು. 1922ರ ‘ನೊಸ್ಫೆರಾಟು’ ಅದಕ್ಕೆ ಹೆಸರಾದದ್ದು. 1931ರ ಕಪ್ಪು ಬಿಳುಪು ಚಿತ್ರ ‘ಡಾ. ಜೆಕಿಲ್ ಆಂಡ್ ಮಿಸ್ಟರ್ ಹೈಡ್’ನಲ್ಲಿ ಛಾಯಾಗ್ರಾಹಕ ಕಾರ್ಲ್ ಸ್ಟ್ರಸ್ ನಟನ ಮುಖಕ್ಕೆ ಕೆಂಪು ಗೆರೆ ಬಳಿಸಿ, ಬಣ್ಣದ ಫಿಲ್ಟರ್ ಬದಲಿಸಿದರು. ಕೆಂಪು ಫಿಲ್ಟರಿನಲ್ಲಿ ಗೆರೆ ಕಾಣದು, ಇನ್ನೊಂದರಲ್ಲಿ ಕಪ್ಪಾಗಿ ಏಳುತ್ತದೆ. ಸಜ್ಜನ ಕಣ್ಣೆದುರೇ ರಾಕ್ಷಸನಾದ. ಮುಂದೆ 1957ರಲ್ಲಿ ಇಂಗ್ಲೆಂಡಿನ ಹ್ಯಾಮರ್ ಕಂಪನಿ ರಕ್ತವನ್ನು ಬಣ್ಣದಲ್ಲಿ ತೋರಿಸಿತು, ಅರುವತ್ತರ ದಶಕದಲ್ಲಿ ಇಟಲಿಯ ನಿರ್ದೇಶಕ ಮಾರಿಯೋ ಬಾವಾ ಗೋಡೆಗಳಿಗೆ ನೇರಳೆ, ಹಸಿರು ಚೆಲ್ಲಿದರು, 1977ರ ‘ಸುಸ್ಪೀರಿಯಾ’ದಲ್ಲಿ ಛಾಯಾಗ್ರಾಹಕ ಲೂಚಿಯಾನೋ ತೊವೋಲಿ ದೊಡ್ಡ ದೀಪಗಳ ಮುಂದೆ ಬಣ್ಣದ ಬಟ್ಟೆ ಕಟ್ಟಿ ನಟಿಯ ಮುಖದ ಹತ್ತಿರಕ್ಕೇ ತಂದರು. ರಾಮ್ಸೆ ಸೋದರರ ಹಿಂದಿ ಚಿತ್ರಗಳ ಹೊತ್ತಿಗೆ ನೀಲಿ ಮಂಜು ನಮ್ಮ ಟಾಕೀಸಿಗೂ ಇಳಿದಿತ್ತು.

ಆದರೆ ನಮ್ಮಲ್ಲಿ ಭಯಕ್ಕೆ ಅದಕ್ಕಿಂತ ಹಳೆಯ ಬೆಳಕಿತ್ತು. ಎಣ್ಣೆಯ ಪಂಜಿನಲ್ಲಿ ನೀಲಿ ಅಂಶ ಬಹಳ ಕಡಿಮೆ, ಹಳದಿ ಕೆಂಪೇ ಹೆಚ್ಚು. ಇಂಗಳೀಕದ ಕೆಂಪು ಅದರಲ್ಲಿ ಉರಿಯುತ್ತದೆ, ಕಾಡಿಗೆಯ ಕಪ್ಪು ಆಳಕ್ಕೆ ಇಳಿಯುತ್ತದೆ, ಬಿಳಿ ಗೆರೆ ಎದ್ದು ನಿಲ್ಲುತ್ತದೆ. ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರಗಳ, ಮುಖವರ್ಣಿಕೆ ಹುಟ್ಟಿದ್ದೇ ಈ ಬೆಳಕಿನ ಲೆಕ್ಕದಲ್ಲಿ. ತೆರೆಯ ಹಿಂದಿನಿಂದ ಅಬ್ಬರ ಮೊದಲು, ಕಿರೀಟದ ತುದಿ ಆಮೇಲೆ, ಮುಖ ಕೊನೆಗೆ; ಆ ಗಳಿಗೆಗೆ ಪಂಜಿಗೆ ರಾಳದ ಪುಡಿ ಎರಚಿದರೆ ಬೆಂಕಿ ಭಗ್ಗನೆ ಏಳುತ್ತಿತ್ತು. ಮುಂದಿನ ಸಾಲಿನ ಮಕ್ಕಳು ಅಮ್ಮನ ಸೆರಗಿಗೆ ಓಡುತ್ತಿದ್ದುದು ಇದಕ್ಕೇ. ಗ್ಯಾಸ್‌ಲೈಟು ಬಂದಾಗ ಬೆಳಕು ಬೆಳ್ಳಗಾಯಿತು, ಟ್ಯೂಬ್‌ಲೈಟಿಗೆ ಸಪ್ಪಗಾಯಿತು. ಆದರೂ ಮುಖ ಮುಖವಾಗಿಯೇ ಕಾಣುತ್ತಿತ್ತು.

ಎಲ್‌ಇಡಿಯ ತೊಂದರೆ ಬೇರೆ ಥರದ್ದು. ಅದರ ಕೆಂಪಿನಲ್ಲಿ ಕೆಂಪಲ್ಲದೆ ಬೇರೇನೂ ಇಲ್ಲ. ಕೆಂಪು ಬಣ್ಣವೂ ಬಿಳಿ ಬಣ್ಣವೂ ಅದರಡಿ ಒಂದೇ ಆಗಿಬಿಡುತ್ತವೆ. ಗಂಟೆಗಟ್ಟಲೆ ಕೂತು ಬರೆದ ಗೆರೆಗಳು ಅಳಿಸಿಹೋಗುತ್ತವೆ. ನೀಲಿಗೆ ತಿರುಗಿಸಿದರೆ ಅದೇ ಕೆಂಪು ಕಪ್ಪು. ಸ್ಟ್ರಸ್ ಬೇಕೆಂದೇ ಮಾಡಿದ್ದು ಇಲ್ಲಿ ಯಾರಿಗೂ ಬೇಡದೆ ಆಗುತ್ತಿದೆ. ಮೊಬೈಲಿನಲ್ಲಿ ತೆಗೆದ ವಿಡಿಯೋದಲ್ಲಂತೂ ರಾಕ್ಷಸ ಬರೀ ಕೆಂಪು ಮುದ್ದೆ.

ಇದಕ್ಕೆ ಕಾರಣ ಯಾರ ಉಡಾಫೆಯೂ ಅಲ್ಲ. ಸಂಘಟಕರು ರಂಗಸ್ಥಳ, ಮೈಕು, ಲೈಟು ಎಲ್ಲ ಒಟ್ಟಿಗೆ ಹೇಳಿರುತ್ತಾರೆ. ಲೈಟಿನ ಹುಡುಗನಿಗೆ ಅಂದಿನ ಪ್ರಸಂಗ ಗೊತ್ತಿರುವುದಿಲ್ಲ, ಕಲಾವಿದರು ಚೌಕಿಗೆ, ಬಣ್ಣ ಹಚ್ಚಿಕೊಳ್ಳುವ ಕೋಣೆಗೆ, ಬರುವುದೇ ಸಂಜೆಗೆ. ಸಿನಿಮಾದವರಿಗೆ ಫಿಲ್ಮು, ಬಣ್ಣ, ದೀಪ ಮೂರನ್ನೂ ಕೂಡಿಸಿ ನೋಡಲು ದಿನಗಳಿದ್ದವು. ಇಲ್ಲಿ ಅಷ್ಟು ಬೇಡ: ಬಣ್ಣದ ಬೆಳಕನ್ನು ಹಿಂದಿನ ಪರದೆಗೆ ಬಿಟ್ಟು, ಎದುರಿನಿಂದ ಮುಖಕ್ಕೆ ಬೆಚ್ಚನೆಯ ಹಳದಿ ದೀಪ ಹಾಕಿದರೆ ಅರ್ಧ ಸಮಸ್ಯೆ ತೀರುತ್ತದೆ. ಉಳಿದರ್ಧಕ್ಕೆ ಲೈಟಿನವರು ಆಟಕ್ಕೆ ಮೊದಲೇ ಚೌಕಿಗೆ ಬಂದು, ಬರೆದು ಮುಗಿದ ಒಂದು ಮುಖದ ಮೇಲೆ ತಮ್ಮ ದೀಪ ಹಾಯಿಸಿ ನೋಡಬೇಕು.