ಆ ಹಾಳೆ ಕೋರ್ಟಿಗೆ ಬಂದೇ ಬರುತ್ತದೆ

ಅಮೆರಿಕದ ಇಮಿಗ್ರೇಷನ್ ಕೋರ್ಟುಗಳಲ್ಲಿ ಕೇಸು ನಡೆಸುವ ವಕೀಲೆ ನಾನು. ನನ್ನ ಹತ್ತಿರ ಬರುವ ಕನ್ನಡಿಗರಲ್ಲಿ ಹೆಚ್ಚಿನವರು ಓದಿದವರು, ಮರ್ಯಾದಸ್ಥರು. ಆದರೂ ಮೊದಲ ಭೇಟಿಯಲ್ಲಿ ಒಂದೇ ಮಾತು ಕೇಳುತ್ತೇನೆ. "ಮೇಡಂ, ಆ ಆಫೀಸರ್ ಏನೇನೋ ತಪ್ಪು ಬರ್ಕೊಂಡಿದ್ದಾನೆ. ಅದು ಕೋರ್ಟಲ್ಲಿ ನಿಲ್ಲಲ್ಲ ಬಿಡಿ. ಜಡ್ಜ್ ಮುಂದೆ ನಾನು ನಿಜ ಹೇಳ್ತೀನಿ."

ನಿಲ್ಲುತ್ತದೆ. ಹಿಡಿದ ಅಧಿಕಾರಿ ತುಂಬಿದ ಅದೇ ಹಾಳೆಯ ಮೇಲೆ ಗಡೀಪಾರು ಆದೇಶ ಆಗುವುದನ್ನು ನೋಡಿದ್ದೇನೆ.

ಈ ನಂಬಿಕೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ನಮ್ಮೂರಲ್ಲಿ ಪೊಲೀಸರ ಮುಂದೆ ತಪ್ಪು ಒಪ್ಪಿಕೊಂಡರೆ ಅದು ಸಾಕ್ಷ್ಯವಾಗುವುದಿಲ್ಲ. ಈ ಕಾನೂನು 1872ರಿಂದ ಇದೆ, ಹೊಸ ಸಾಕ್ಷ್ಯ ಕಾಯ್ದೆಯಲ್ಲೂ ಮುಂದುವರಿದಿದೆ. ಕಾನೂನು ಓದದವರಿಗೂ ಇದು ಗೊತ್ತಿರುತ್ತದೆ. ಆದರೆ ಅದು ಅಲ್ಲಿನ ಕ್ರಿಮಿನಲ್ ಕೋರ್ಟಿನ ಮಾತು. ಇಲ್ಲಿನ ಇಮಿಗ್ರೇಷನ್ ಕೋರ್ಟು ಕ್ರಿಮಿನಲ್ ಕೋರ್ಟೇ ಅಲ್ಲ. ಅದು ನ್ಯಾಯ ಇಲಾಖೆಯ ಒಂದು ವಿಭಾಗ. ಅಲ್ಲಿನ ನ್ಯಾಯಾಧೀಶರು ಆ ಇಲಾಖೆಯ ನೌಕರರು. ದುಡ್ಡಿಲ್ಲ ಅಂದರೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡುವ ನಿಯಮವೂ ಇಲ್ಲ.

ನಿಮ್ಮನ್ನು ಹಿಡಿದ ಅಧಿಕಾರಿ ಐ-213 ಅನ್ನುವ ಫಾರಂ ತುಂಬುತ್ತಾರೆ. ಹೆಸರು, ದೇಶ, ಯಾವಾಗ ಬಂದಿರಿ, ಹೇಗೆ ಬಂದಿರಿ, ಏನು ಕೆಲಸ ಮಾಡುತ್ತಿದ್ದಿರಿ, ಎಲ್ಲ ಅದರಲ್ಲಿರುತ್ತದೆ. ಬೇರೆ ಕೋರ್ಟುಗಳಲ್ಲಿ "ಇದು ಕೇಳಿದ ಮಾತು, ಬರೆದವರನ್ನು ಕರೆಸಿ" ಅಂದರೆ ಸಾಮಾನ್ಯವಾಗಿ ಬೆಲೆ ಇರುತ್ತದೆ. ಇಲ್ಲಿ ಫೆಡರಲ್ ಸಾಕ್ಷ್ಯ ನಿಯಮಗಳಿಗೆ ಕೋರ್ಟು ಕಟ್ಟುಬಿದ್ದಿಲ್ಲ. ನ್ಯಾಯಾಧೀಶರು ಎರಡು ವಿಷಯ ನೋಡುತ್ತಾರೆ: ಈ ಕಾಗದದಿಂದ ಏನಾದರೂ ತಿಳಿಯುತ್ತದೆಯೇ, ಇದನ್ನು ಬಳಸಿದರೆ ಅನ್ಯಾಯವಾಗುತ್ತದೆಯೇ. ತಪ್ಪು ಮಾಹಿತಿ ಇದೆ ಅಥವಾ ಬಲವಂತದಿಂದ ಹೇಳಿಸಿಕೊಂಡರು ಅಂತ ತೋರಿಸದಿದ್ದರೆ ಐ-213 ನಂಬಲು ಯೋಗ್ಯ. ಇಮಿಗ್ರೇಷನ್ ಮೇಲ್ಮನವಿ ಮಂಡಳಿ 1988ರಲ್ಲೇ ಹೀಗೆ ಹೇಳಿದೆ.

"ಅಕ್ರಮವಾಗಿ ಹಿಡಿದರು, ಹಾಗಾಗಿ ಎಲ್ಲ ಬಿದ್ದುಹೋಗುತ್ತೆ ಅಲ್ವಾ?" ಇದು ಮುಂದಿನ ಪ್ರಶ್ನೆ. 1984ರ ಲೋಪೆಜ್-ಮೆಂಡೋಜಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಬಹುಮಟ್ಟಿಗೆ ಇಲ್ಲ ಅಂದಿದೆ. ತೀರಾ ಘೋರವಾದ ಉಲ್ಲಂಘನೆಗೆ ಮಾತ್ರ ಒಂದು ಬಾಗಿಲು ಉಳಿದಿದೆ. ಅದು ಎಷ್ಟು ತೆರೆದಿದೆ ಅನ್ನುವುದು ನಿಮ್ಮ ಕೇಸು ಯಾವ ಫೆಡರಲ್ ಮೇಲ್ಮನವಿ ಕೋರ್ಟಿನ ವ್ಯಾಪ್ತಿಯಲ್ಲಿ, ಅಂದರೆ ಯಾವ ಸರ್ಕ್ಯೂಟ್‌ನಲ್ಲಿದೆ ಅನ್ನುವುದರ ಮೇಲೂ ಹೋಗುತ್ತದೆ. ನಿಮ್ಮ ಕಡತ ನೋಡದೆ ನಾನಾಗಲಿ ಬೇರೆ ಯಾರಾಗಲಿ ಭರವಸೆ ಕೊಡಲಾಗದು. ಕೊಡುವವರನ್ನು ನಂಬಬೇಡಿ.

ಹಾಗಾದರೆ ನ್ಯಾಯ ಅನ್ನುವುದೇ ಇಲ್ಲವೇ? ಇದೆ. ನಿಮ್ಮ ವಿರುದ್ಧದ ಸಾಕ್ಷ್ಯವನ್ನು ನೋಡಲು, ನಿಮ್ಮ ಸಾಕ್ಷ್ಯ ಕೊಡಲು, ಸರ್ಕಾರ ಕರೆಸಿದ ಸಾಕ್ಷಿಯನ್ನು ಪಾಟೀಸವಾಲು ಮಾಡಲು ಕಾನೂನೇ ಅವಕಾಶ ಕೊಟ್ಟಿದೆ. 1945ರಲ್ಲಿ ಹ್ಯಾರಿ ಬ್ರಿಜಸ್ ಎಂಬ ಬಂದರು ಕಾರ್ಮಿಕರ ನಾಯಕನ ಗಡೀಪಾರನ್ನು ಸುಪ್ರೀಂ ಕೋರ್ಟು ರದ್ದು ಮಾಡಿತು. ಸಾಕ್ಷಿಯೊಬ್ಬ ಪ್ರಮಾಣ ಮಾಡದೆ, ಸಹಿ ಹಾಕದೆ ಹೇಳಿದ್ದ ಮಾತನ್ನು ಅವನ ವಿರುದ್ಧ ಬಳಸಿದ್ದರು. ಇಲಾಖೆ ತನ್ನದೇ ನಿಯಮ ಮುರಿದಿತ್ತು. ಆ ತೀರ್ಪನ್ನು ನಾವು ಈಗಲೂ ಉಲ್ಲೇಖಿಸುತ್ತೇವೆ. ಆದರೆ ಅವನ ಪರವಾಗಿ ವಿಚಾರಣೆಯಲ್ಲೇ ಆಕ್ಷೇಪಣೆ ಎತ್ತಿದ್ದವರಿದ್ದರು.

ನಾನು ಮತ್ತೆ ಮತ್ತೆ ಹೇಳುವುದು ಇದನ್ನೇ. ತಪ್ಪು ಹಾಳೆ ತಾನಾಗೇ ಬಿದ್ದುಹೋಗುವುದಿಲ್ಲ. ಅದು ಕೋರ್ಟಿಗೆ ಬಂದ ಆ ಕ್ಷಣದಲ್ಲೇ ಆಕ್ಷೇಪಿಸಬೇಕು. ವಿಚಾರಣೆಯ ರೆಕಾರ್ಡಿಂಗ್ ನಡೆಯುತ್ತಿರುವಾಗಲೇ ಆಕ್ಷೇಪಿಸಬೇಕು. ಏನು ತಪ್ಪು, ಯಾವ ಸಾಲು ತಪ್ಪು ಅಂತ ಹೇಳಬೇಕು. ಅಧಿಕಾರಿಯನ್ನು ಕರೆಸಿ ಅಂತ ಕೇಳಬೇಕು. ತಪ್ಪು ಅನ್ನುವುದಕ್ಕೆ ಕಾಗದ ತೋರಿಸಬೇಕು. ಅವತ್ತು ಸುಮ್ನೆ ಕೂತು, ಮೇಲ್ಮನವಿಯಲ್ಲಿ "ಅನ್ಯಾಯವಾಯಿತು" ಅಂದರೆ ಕೇಳುವವರು ಕಡಿಮೆ. ಆ ಅನ್ಯಾಯದಿಂದ ಫಲಿತಾಂಶ ಬದಲಾಗಬಹುದಿತ್ತು ಅಂತಲೂ ಅಲ್ಲಿ ತೋರಿಸಬೇಕಾಗುತ್ತದೆ.

ಹಾಸನ ಕಡೆಯ ಹುಡುಗನೊಬ್ಬನ ಕೇಸು ನೆನಪಾಗುತ್ತದೆ. ವಿದ್ಯಾರ್ಥಿ ವೀಸಾದಲ್ಲಿ ಬಂದವನು. ಜನವರಿಯಲ್ಲೇ ಕಾಲೇಜು ಬಿಟ್ಟು ಕೆಲಸಕ್ಕೆ ಸೇರಿದ್ದಾಗಿ ಅವನೇ ಹೇಳಿದ ಅಂತ ಫಾರಂನಲ್ಲಿತ್ತು. "ನಾನು ಹಂಗೆ ಹೇಳೇ ಇಲ್ಲ ಅಕ್ಕಾ" ಅಂತ ಕಣ್ಣೀರು ಹಾಕಿದ. ನಾನು ನಂಬಿದೆ. ಆದರೆ ನನ್ನ ನಂಬಿಕೆ ಸಾಕ್ಷ್ಯವಲ್ಲ. ಕಾಲೇಜಿನಿಂದ ಮೇ ತಿಂಗಳವರೆಗಿನ ಹಾಜರಾತಿ ಮತ್ತು ಫೀ ರಸೀದಿ ತರಿಸಿದೆವು. ಒಂದು ಸಾಲು ಸುಳ್ಳೆಂದು ಕಾಗದದಲ್ಲೇ ಕಂಡ ಮೇಲೆ ನ್ಯಾಯಾಧೀಶರು ಅಧಿಕಾರಿಯನ್ನು ಕರೆಸಲು ಒಪ್ಪಿದರು. ಬೇರೆ ಸಹೋದ್ಯೋಗಿಯ ಟಿಪ್ಪಣಿ ನೋಡಿ ತುಂಬಿದೆ ಅಂತ ಅಧಿಕಾರಿ ಹೇಳಿದರು. ಅಲ್ಲಿಂದ ಆ ಹಾಳೆಯ ತೂಕ ಇಳಿಯಿತು. ಎಲ್ಲ ಕೇಸಿನಲ್ಲೂ ಹೀಗಾಗುತ್ತದೆ ಅನ್ನಲಾರೆ.

ನಮ್ಮವರಿಗೇ ವಿಶೇಷವಾದ ಇನ್ನೊಂದು ತೊಡಕಿದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹುಟ್ಟಿದ ದಿನ ಜೂನ್ 1. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದು. ಜಾತಕದಲ್ಲಿ ಬೇರೆ ದಿನ. ಹೆಸರಿನ ಇನಿಷಿಯಲ್ ಪಾಸ್‌ಪೋರ್ಟಿನಲ್ಲಿ ಊರ ಹೆಸರಾಗಿ ಬಿಡಿಸಿದೆ, ಪದವಿ ಪತ್ರದಲ್ಲಿ ಅಪ್ಪನ ಹೆಸರಾಗಿ. ನಮಗೆ ಇದು ಏನೂ ಅಲ್ಲ. ಆದರೆ 2005ರ ರಿಯಲ್ ಐಡಿ ಕಾಯ್ದೆಯ ಪ್ರಕಾರ, ಆಶ್ರಯ (ಅಸೈಲಮ್) ಅಥವಾ ಗಡೀಪಾರು ತಪ್ಪಿಸುವ ಬೇರೆ ಪರಿಹಾರ ಕೇಳುವವರ ಮಾತಿನಲ್ಲಿ ಯಾವುದೇ ವ್ಯತ್ಯಾಸವಿದ್ದರೂ ನ್ಯಾಯಾಧೀಶರು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಅದು ಕೇಸಿನ ತಿರುಳಿಗೆ ಸಂಬಂಧಿಸಿರಲೇಬೇಕೆಂದಿಲ್ಲ. ಒಟ್ಟು ಸನ್ನಿವೇಶ ನೋಡಬೇಕು ಅಂತಲೂ ಅದೇ ಕಾಯ್ದೆ ಹೇಳುತ್ತದೆ, ನಿಜ. ಆದರೆ ಆ ಸನ್ನಿವೇಶವನ್ನು ವಿವರಿಸಬೇಕಾದವರು ನಾವು. ಜೂನ್ 1ರ ವಿಷಯ ಎದುರು ಪಕ್ಷದ ವಕೀಲರು ಕೇಳುವ ಮೊದಲೇ ನಾವು ಬರೆದು ಕೊಟ್ಟಿರಬೇಕು. ಜೊತೆಗೆ ಶಾಲೆಯ ದಾಖಲಾತಿ ಪ್ರತಿ, ತಂದೆ ಅಥವಾ ತಾಯಿಯ ಅಫಿಡವಿಟ್ ಇರಬೇಕು.

ಊರಲ್ಲಿರುವ ಅಪ್ಪ ಅಮ್ಮಂದಿರಿಗೂ ಒಂದು ಮಾತು. ನೀವು ಕಷ್ಟಪಟ್ಟು ತಾಲ್ಲೂಕು ಕಚೇರಿಗೆ ಅಲೆದು ಪತ್ರ ಕಳಿಸುತ್ತೀರಿ. ಆದರೆ ವಿಚಾರಣೆಗೆ ಎರಡು ದಿನ ಇರುವಾಗ ವಾಟ್ಸಾಪಿನಲ್ಲಿ ಫೋಟೊ ಬರುತ್ತದೆ, ಅದೂ ಅರ್ಧ ಕತ್ತರಿಸಿದ್ದು. ಕನ್ನಡದ ಪತ್ರಕ್ಕೆ ಇಂಗ್ಲಿಷ್ ಅನುವಾದ ಬೇಕು. ತನಗೆ ಎರಡೂ ಭಾಷೆ ಬರುತ್ತದೆ, ಅನುವಾದ ಸರಿಯಾಗಿದೆ ಅಂತ ಅನುವಾದಕರು ಸಹಿ ಮಾಡಿದ ಹೇಳಿಕೆಯೂ ಬೇಕು. ಇವೆಲ್ಲ ಸೇರಿ ನ್ಯಾಯಾಧೀಶರು ಕೊಟ್ಟ ಗಡುವಿನೊಳಗೆ ಕೋರ್ಟು ಮುಟ್ಟಬೇಕು. ಹಾಗಾಗಿ ಮಗನಿಗೆ ನೋಟಿಸು ಬಂತು ಅಂತ ತಿಳಿದ ದಿನವೇ ಶಾಲೆಗೆ ಹೋಗಿ. ಸೀಲು ಕಾಣುವಂತೆ, ಹಾಳೆಯ ಎರಡೂ ಮಗ್ಗುಲು ಸ್ಕ್ಯಾನ್ ಮಾಡಿಸಿ ಕಳಿಸಿ. ಮೂಲ ಪ್ರತಿ ನಿಮ್ಮ ಹತ್ತಿರವೇ ಇರಲಿ, ಕೇಳಿದಾಗ ಕೊರಿಯರ್ ಮಾಡಿದರಾಯಿತು.