ಜಾಮ್ ಆದ ವಾಚ್ ಸ್ಕ್ರೂ: ಬಲ ಹಾಕುವ ಮುಂಚೆ

ವಾಚಿನ ಬೆಲ್ಟೋ ಚೈನೋ ಬದಲಾಯಿಸಲು ಹೋಗಿ, ಸ್ಕ್ರೂ ಬರಲಿಲ್ಲ ಅಂತ ಬಲ ಹಾಕಿ, ಕೊನೆಗೆ ಅದರ ತಲೆಯನ್ನೇ ಹಾಳು ಮಾಡಿಕೊಂಡು ರಿಪೇರಿಗೆ ತರುವವರು ಬಹಳ ಮಂದಿ. ಲೂಪ್ (ಕಣ್ಣಿಗೆ ಹಿಡಿಯುವ ಭೂತಗಾಜು) ಹಾಕಿಕೊಂಡು ನೋಡಿದರೆ ನಡೆದದ್ದು ತಕ್ಷಣ ಗೊತ್ತಾಗುತ್ತದೆ. ಸ್ಕ್ರೂ ತಲೆಯ ಮೇಲಿನ ಸೀಳಿನಲ್ಲಿ ಎದುರುಬದುರಾಗಿರುವ ಎರಡು ಮೂಲೆ ಮಾತ್ರ ಕುಸಿದಿರುತ್ತವೆ, ಯಾಕೆಂದರೆ ಎಡಕ್ಕೆ ತಿರುಗಿಸುವಾಗ ಬ್ಲೇಡಿನ ಒತ್ತಡ ಬೀಳುವುದು ಆ ಎರಡು ಮೂಲೆಗಳ ಮೇಲೆಯೇ. ಪಕ್ಕದಲ್ಲಿ, ಬ್ಲೇಡ್ ಜಾರಿದ ಕಡೆ, ಹೊಳೆಯುವ ಒಂದು ಗೀರು. ಸ್ಕ್ರೂ ಮಾತ್ರ ಕೂದಲೆಳೆಯಷ್ಟೂ ಅಲ್ಲಾಡಿರುವುದಿಲ್ಲ.

ಬಲ ಸಾಲದೆ ಬಾರದ ಸ್ಕ್ರೂ ನಿಜಕ್ಕೂ ತುಂಬಾ ಕಡಿಮೆ. ಅದು ಯಾಕೆ ಹಿಡಿದುಕೊಂಡಿದೆ ಅಂತ ನೋಡದೆ ತಿರುಗಿಸುವುದೇ ತೊಂದರೆ. ಅಂಟಿನಿಂದ ಹಿಡಿದ ಸ್ಕ್ರೂಗೆ ಎಣ್ಣೆ ಹಾಕಿದರೆ ಏನೂ ಆಗುವುದಿಲ್ಲ, ತುಕ್ಕಿನಿಂದ ಹಿಡಿದದ್ದಕ್ಕೆ ಬರೀ ಬಿಸಿ ಸಾಲುವುದಿಲ್ಲ. ಕಾರಣ ಬೇರೆ, ಮದ್ದೂ ಬೇರೆ.

ಅದಕ್ಕೂ ಮುಂಚೆ, ಅದು ಸ್ಕ್ರೂ ಹೌದೋ ಅಲ್ಲವೋ ನೋಡಿ. ಹೆಚ್ಚಿನ ವಾಚುಗಳಲ್ಲಿ ಬೆಲ್ಟ್ ಹಿಡಿದಿರುವುದು ಸ್ಪ್ರಿಂಗ್ ಬಾರ್, ಅಂದರೆ ಒಳಗೆ ಸ್ಪ್ರಿಂಗ್ ಇರುವ ಸಣ್ಣ ಸರಳು. ಅದರ ತುದಿಯನ್ನು ಒಳಕ್ಕೆ ಒತ್ತಿ ತೆಗೆಯಬೇಕು, ತಿರುಗಿಸುವ ಮಾತೇ ಇಲ್ಲ. ಚೈನಿನ ಕೊಂಡಿಗಳ ಒಳಬದಿಯಲ್ಲಿ ಬಾಣದ ಗುರುತು ಇದ್ದರೆ ಅದು ಪಿನ್, ಬಾಣದ ದಿಕ್ಕಿಗೆ ತಳ್ಳಿದರೆ ಬರುತ್ತದೆ. ಇದರಲ್ಲೇ ಸೀಳು ಪಿನ್ ಅಂತ ಒಂದಿದೆ, ಅದರ ತುದಿಯಲ್ಲಿ ಒಂದು ಗೆರೆ ಕಾಣುತ್ತದೆ, ಅದನ್ನು ನೋಡಿ ಸ್ಕ್ರೂ ಅಂದುಕೊಂಡು ಸ್ಕ್ರೂಡ್ರೈವರ್ ಹಾಕಿದವರು ಎಷ್ಟೋ ಜನ. ಇನ್ನು ಕೆಲವು ಸ್ಕ್ರೂಗಳನ್ನು ತಿರುಗಿಸುವಂತೆ ಮಾಡಿಯೇ ಇರುವುದಿಲ್ಲ. 1972ರಲ್ಲಿ ಬಂದ ಓಡ್ಮಾರ್ ಪಿಗೆ ಕಂಪನಿಯ ರಾಯಲ್ ಓಕ್ ವಾಚಿನ ಮುಖದ ಸುತ್ತ ಕಾಣುವ ಎಂಟು ಸ್ಕ್ರೂಗಳ ತಲೆ ಆರು ಮೂಲೆಯದ್ದು, ಅದೇ ಆಕಾರದ ಗುಳಿಯಲ್ಲಿ ಕೂತಿರುತ್ತದೆ, ಹಾಗಾಗಿ ಮುಂದಿನಿಂದ ತಿರುಗಲು ಸಾಧ್ಯವೇ ಇಲ್ಲ, ಬಿಗಿ ಮಾಡುವುದು ಹಿಂದಿನಿಂದ. ಮುಂದೆ ಡ್ರೈವರ್ ಹಾಕಿ ಎಷ್ಟು ಒದ್ದಾಡಿದರೂ ತಲೆ ಕೆಡುತ್ತದೆ ಅಷ್ಟೇ.

ಸ್ಕ್ರೂ ಸುಮ್ನೆ ಗಿರಗಿರ ತಿರುಗುತ್ತಿದೆ, ಹೊರಗೆ ಬರುತ್ತಿಲ್ಲ ಅನ್ನುವ ದೂರೂ ಜಾಸ್ತಿ. ಅದು ಜಾಮ್ ಆಗಿರುವುದಲ್ಲ. ಕೆಲವು ವಾಚುಗಳಲ್ಲಿ ಒಂದು ಕಡೆಯಿಂದ ಸ್ಕ್ರೂ, ಇನ್ನೊಂದು ಕಡೆಯಿಂದ ಇನ್ನೊಂದು ಸ್ಕ್ರೂ, ನಡುವೆ ಒಂದು ಕೊಳವೆ ಇರುತ್ತದೆ. ಒಂದು ಕಡೆ ತಿರುಗಿಸಿದರೆ ಇಡೀ ಸರಳೇ ಜೊತೆಗೆ ತಿರುಗುತ್ತದೆ. ಎರಡು ಡ್ರೈವರ್ ಬೇಕು: ಒಂದನ್ನು ಅಲ್ಲಾಡದಂತೆ ಹಿಡಿದುಕೊಳ್ಳಿ, ಇನ್ನೊಂದನ್ನು ತಿರುಗಿಸಿ. ವಾಚನ್ನು ಎರಡು ಕೈಯಲ್ಲೂ ಹಿಡಿಯಲಾಗದ ಕಾರಣ ಅದನ್ನು ಮೊದಲೇ ಯಾವುದಾದರೂ ಮೆತ್ತನೆಯ ಆಧಾರದಲ್ಲಿ ಕೂರಿಸಿಕೊಂಡಿರಬೇಕು.

ಇನ್ನು ನಿಜವಾಗಿ ಜಾಮ್ ಆದವು. ಹೊಸ ಚೈನ್, ಇನ್ನೂ ಯಾರೂ ಬಿಚ್ಚಿಲ್ಲ, ಸ್ವಚ್ಛವಾಗಿಯೇ ಇದೆ, ಆದರೂ ಸ್ಕ್ರೂ ಅಲ್ಲಾಡುತ್ತಿಲ್ಲ ಅಂದರೆ ಕಾರ್ಖಾನೆಯಲ್ಲೇ ಥ್ರೆಡ್ (ಸ್ಕ್ರೂ ಮೈಮೇಲಿನ ಸುರುಳಿ ಗೆರೆ) ಹಿಡಿದಿಡುವ ಥ್ರೆಡ್ ಲಾಕರ್ ಅಂಟು ಹಾಕಿರುತ್ತಾರೆ. ಕೈ ಆಡುವಾಗ ಸ್ಕ್ರೂ ತಾನಾಗಿ ಸಡಿಲ ಆಗಬಾರದು ಅಂತಲೇ ಅದನ್ನು ಹಾಕುವುದು, ಅದು ದೋಷವಲ್ಲ. ಹಳೇ ವಾಚು, ಬೆವರು ಕುಡಿದದ್ದು, ಸಮುದ್ರದ ನೀರಿಗೆ ಇಳಿದದ್ದು, ತಲೆಯ ಸುತ್ತ ಕಪ್ಪನೆಯ ಜಿಡ್ಡೋ ಕಂದು ಬಣ್ಣವೋ ಕಾಣುತ್ತಿದೆ ಅಂದರೆ ಕೊಳೆ ಮತ್ತು ತುಕ್ಕು. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯುವುದಿಲ್ಲ ಅನ್ನುವ ನಂಬಿಕೆ ಅರ್ಧ ಮಾತ್ರ ಸರಿ. ವಾಚುಗಳಿಗೆ ಬಳಸುವ 316ಎಲ್ ಉಕ್ಕು ಕೂಡ ಗಾಳಿ ಆಡದ ಇಕ್ಕಟ್ಟಿನ ಸಂದಿಯಲ್ಲಿ ಉಪ್ಪಿನ ನೀರು ನಿಂತರೆ ತುಕ್ಕು ಹಿಡಿಯುತ್ತದೆ, ಮತ್ತು ಸ್ಕ್ರೂ ಥ್ರೆಡ್‌ಗಿಂತ ಇಕ್ಕಟ್ಟಾದ ಸಂದಿ ವಾಚಿನಲ್ಲಿ ಇನ್ನೆಲ್ಲಿದೆ? ಮೂರನೆಯದು ಟೈಟಾನಿಯಂ. ಅದರ ಥ್ರೆಡ್‌ಗಳು ಒಂದಕ್ಕೊಂದು ಉಜ್ಜಿದಾಗ ಲೋಹ ಲೋಹಕ್ಕೇ ಅಂಟಿಕೊಳ್ಳುತ್ತದೆ. ಇದರ ಗುರುತು ಏನೆಂದರೆ ಸ್ಕ್ರೂ ಒಂದೆರಡು ಸುತ್ತು ಚೆನ್ನಾಗಿ ಬಂದು, ಆಮೇಲೆ ಗಟ್ಟಿಯಾಗುತ್ತಾ ಹೋಗಿ ನಿಂತುಬಿಡುತ್ತದೆ. ಹಾಗಾದಾಗ ಮುಂದಕ್ಕೆ ಎಳೆಯಲೇಬೇಡಿ. ಸ್ವಲ್ಪ ಹಿಂದಕ್ಕೆ, ಒಂದು ಹನಿ ಎಣ್ಣೆ, ಮತ್ತೆ ಅದಕ್ಕಿಂತ ಚೂರು ಜಾಸ್ತಿ ಮುಂದಕ್ಕೆ. ನಿಧಾನ ಆಗುತ್ತದೆ, ಆಗಲಿ.

ಈಗ ಡ್ರೈವರ್ ವಿಷಯಕ್ಕೆ ಬರೋಣ, ನನ್ನ ಪ್ರಕಾರ ಅರ್ಧಕ್ಕಿಂತ ಜಾಸ್ತಿ ಕೆಲಸ ಇಲ್ಲೇ ಇದೆ. ಬ್ಲೇಡಿನ ಅಗಲ ಸೀಳಿನ ಉದ್ದಕ್ಕೆ ಸಮ ಇರಬೇಕು, ಅಂದರೆ ಸ್ಕ್ರೂ ತಲೆಯ ಅಂಚಿನಿಂದ ಅಂಚಿಗೆ. ಚೈನಿನ ಸ್ಕ್ರೂಗಳಿಗೆ ಸಾಮಾನ್ಯವಾಗಿ 1.4 ಅಥವಾ 1.6 ಮಿಲಿಮೀಟರ್ ಬ್ಲೇಡ್ ಹೊಂದುತ್ತದೆ, ದೊಡ್ಡ ಬೆಲ್ಟ್ ಸ್ಕ್ರೂಗಳಿಗೆ 2 ಅಥವಾ ಅದಕ್ಕಿಂತ ಜಾಸ್ತಿ. ಅಗಲವನ್ನು ಎಲ್ಲರೂ ನೋಡುತ್ತಾರೆ. ದಪ್ಪವನ್ನು ನೋಡುವುದಿಲ್ಲ. ಬ್ಲೇಡ್ ತೆಳ್ಳಗಿದ್ದರೆ ಸೀಳಿನೊಳಗೆ ಓರೆಯಾಗಿ ನಿಲ್ಲುತ್ತದೆ, ಆಗ ಭಾರವೆಲ್ಲ ಮೇಲಿನ ಅಂಚುಗಳ ಮೇಲೆ ಬಿದ್ದು ಅವು ಕುಸಿಯುತ್ತವೆ. ದಪ್ಪಗಿದ್ದರೆ ತಳ ಮುಟ್ಟುವುದೇ ಇಲ್ಲ, ಬಲ ಹಾಕಿದ ಕೂಡಲೇ ಮೇಲಕ್ಕೆ ಜಾರುತ್ತದೆ. ಅಂಗಡಿಯಲ್ಲಿ ಸಿಗುವ ಸೆಟ್ಟುಗಳ ಬ್ಲೇಡ್ ಹೆಚ್ಚಾಗಿ ಬೆಣೆಯ ಹಾಗೆ ಮೇಲೆ ದಪ್ಪ, ಕೆಳಗೆ ಚೂಪು. ಅವನ್ನು ಸಾಣೆಕಲ್ಲಿನ ಮೇಲೆ ಉಜ್ಜಿ, ತುದಿಯ ಎರಡು ಮುಖವೂ ಸಮಾನಾಂತರ ಆಗುವ ಹಾಗೆ ಮಾಡಿಕೊಳ್ಳಿ. ಸರಿಯಾದ ಬ್ಲೇಡ್ ಸೀಳಿನಲ್ಲಿ ಕೂತಾಗ ನಿಮಗೇ ತಿಳಿಯುತ್ತದೆ: ಡ್ರೈವರನ್ನು ಅತ್ತ ಇತ್ತ ತಿರುವಿದರೆ ಆಟವೇ ಇರುವುದಿಲ್ಲ, ಹಾಗೇ ನೆಟ್ಟಗೆ ನಿಲ್ಲುತ್ತದೆ.

ಪ್ಲಸ್ ಆಕಾರದ ಸ್ಕ್ರೂಗಳಲ್ಲಿ ಇನ್ನೊಂದು ತೊಡಕು. ಜಪಾನಿನ ವಾಚುಗಳ ಪ್ಲಸ್ ಸ್ಕ್ರೂಗಳು ಹೆಚ್ಚಾಗಿ ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡ) ಅಳತೆಯವು. ನೋಡಲು ಸಾಮಾನ್ಯ ಫಿಲಿಪ್ಸ್ ಥರವೇ ಇರುತ್ತವೆ, ಆದರೆ ಒಳಗಿನ ಆಕಾರದಲ್ಲಿ ಚೂರು ವ್ಯತ್ಯಾಸ. ಫಿಲಿಪ್ಸ್ ಡ್ರೈವರ್ ಅದರಲ್ಲಿ ತಳದವರೆಗೆ ಇಳಿಯದೆ ಮೇಲೆದ್ದು ಜಾರುತ್ತದೆ. ಜೆಐಎಸ್ ಡ್ರೈವರ್ ಒಂದು ತೆಗೆದುಕೊಂಡರೆ ಈ ರಗಳೆ ಮುಗಿಯಿತು.

ಬ್ಲೇಡ್ ಇಳಿಸುವ ಮುಂಚೆ ಸೀಳನ್ನು ಸ್ವಚ್ಛ ಮಾಡಿ. ಕೊಳೆ ಗಟ್ಟಿಯಾಗಿ ಕೂತಿದ್ದರೆ ಅರ್ಧ ಸೀಳು ತುಂಬಿಹೋಗಿರುತ್ತದೆ, ಬ್ಲೇಡಿಗೆ ಹಿಡಿತ ಸಿಗುವುದಾದರೂ ಹೇಗೆ? ಸೂಜಿಯಿಂದ ಕೆರೆದು, ಹಳೇ ಬ್ರಶ್ಶು ಮತ್ತು ಸೋಪಿನ ನೀರಿನಲ್ಲಿ ಉಜ್ಜಿ ಒರೆಸಿ. ಸುತ್ತಲಿನ ಲೋಹಕ್ಕೆ ಟೇಪ್ ಅಂಟಿಸಿ. ಡ್ರೈವರ್ ಸ್ಕ್ರೂಗೆ ನೇರವಾಗಿರಲಿ, ಒಂದು ಚೂರೂ ವಾಲಬಾರದು. ಮೇಲಿನಿಂದ ಅಂಗೈಯಿಂದಲೋ ತೋರುಬೆರಳಿನಿಂದಲೋ ಗಟ್ಟಿಯಾಗಿ ಒತ್ತಿ, ತಿರುಗಿಸುವುದು ಮಾತ್ರ ಬೆರಳುಗಳ ಕೆಲಸ. ಒತ್ತುವ ಬಲ ಜಾಸ್ತಿ, ತಿರುಗಿಸುವ ಬಲ ಕಡಿಮೆ. ಮೊದಲು ಬಿಗಿ ಮಾಡುವ ಕಡೆಗೆ, ಅಂದರೆ ಬಲಕ್ಕೆ, ಒಂದು ಚೂರು ಒತ್ತಿ ನೋಡಿ, ಆಮೇಲೆ ಎಡಕ್ಕೆ. ಹಾಗೆ ಅತ್ತ ಇತ್ತ ಮಾಡಿದಾಗ ಒಳಗಿನ ಹಿಡಿತ ಒಡೆಯುತ್ತದೆ. ಬರಲಿಲ್ಲವಾ, ಅಲ್ಲಿಗೇ ನಿಲ್ಲಿಸಿ. ಬ್ಲೇಡ್ ಒಂದು ಸಲ ಜಾರಿತು ಅಂದರೆ ಎರಡನೇ ಸಲ ಇನ್ನೂ ಬೇಗ ಜಾರುತ್ತದೆ.

ಅಂಟು ಅಂತ ಅನುಮಾನ ಇದ್ದರೆ ಬಿಸಿ ಮಾಡಬೇಕು. ಚೈನನ್ನು ವಾಚಿನಿಂದ ಬೇರೆ ಮಾಡಲು ಆಗುವುದಾದರೆ ಮೊದಲು ಬೇರೆ ಮಾಡಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಚೈನಿನ ಜೊತೆಗೆ ವಾಚನ್ನೂ ಬಿಸಿ ನೀರಿಗೆ ಹಾಕಿ, ಗಾಜಿನ ಒಳಗೆ ಆವಿ ಕಟ್ಟಿಸಿಕೊಂಡವರಿದ್ದಾರೆ. ವಾಟರ್ ರೆಸಿಸ್ಟಂಟ್ ಅಂತ ಬರೆದಿದ್ದರೂ ಅದು ಬಿಸಿ ನೀರಿಗೆ ಕೊಟ್ಟ ಭರವಸೆಯಲ್ಲ, ನೀರು ಒಳಗೆ ಹೋಗದಂತೆ ತಡೆಯುವ ರಬ್ಬರ್ ಗ್ಯಾಸ್ಕೆಟ್ ಹಳೇದಾಗಿದ್ದರೆ ಅಂತೂ ನಂಬುವ ಹಾಗೇ ಇಲ್ಲ. ಬರೀ ಚೈನನ್ನು ಕುದಿಯುವುದಕ್ಕೆ ಸ್ವಲ್ಪ ಮುಂಚಿನ ನೀರಿನಲ್ಲಿ ಕೆಲವು ನಿಮಿಷ ಇಟ್ಟು, ಬಟ್ಟೆಯಲ್ಲಿ ಹಿಡಿದು, ಬಿಸಿ ಇರುವಾಗಲೇ ತಿರುಗಿಸಿ. ಇಂಥ ಅಂಟು ಪೂರ್ತಿ ಸೋಲುವುದು 150 ಡಿಗ್ರಿ ದಾಟಿದ ಮೇಲೆ, ಆದರೆ ಬಿಸಿ ಏರುತ್ತಿದ್ದ ಹಾಗೆ ಹಿಡಿತ ಸಡಿಲ ಆಗುತ್ತಾ ಬರುತ್ತದೆ, ಹಗುರವಾಗಿ ಅಂಟು ಹಾಕಿದ್ದರೆ ಇಷ್ಟೇ ಸಾಕು.

ಸಾಲದಿದ್ದರೆ ಸೋಲ್ಡರಿಂಗ್ ಐರನ್. ತುದಿಯನ್ನು ಸ್ಕ್ರೂ ತಲೆಯ ಮೇಲೆ ಅರ್ಧ ನಿಮಿಷದಷ್ಟು ಹೊತ್ತು ಇಟ್ಟರೆ ಬಿಸಿ ನೇರವಾಗಿ ಥ್ರೆಡ್‌ಗೆ ಇಳಿಯುತ್ತದೆ. ತುದಿಯಲ್ಲಿ ಸೀಸ ಅಂಟಿರಬಾರದು, ಅದು ಸೀಳಿನೊಳಗೆ ಕೂತುಬಿಡುತ್ತದೆ. ತೆಗೆದ ತಕ್ಷಣ ಡ್ರೈವರ್ ಹಾಕಿ. ಅಂಟು ಒಡೆಯುವಾಗ ಬೆರಳಿಗೆ ಒಂದು ಸಣ್ಣ ಚಟ್ ಅನ್ನುವುದು ತಿಳಿಯುತ್ತದೆ, ಆಮೇಲೆ ಸ್ಕ್ರೂ ಕರಕರ ಅನ್ನುತ್ತಾ ಬರುತ್ತದೆ, ಥ್ರೆಡ್ ಮೇಲೆ ಪುಡಿಪುಡಿಯಾದ ಒಣ ಅಂಟು ಕಾಣುತ್ತದೆ. ಚರ್ಮ, ರಬ್ಬರ್, ಪ್ಲಾಸ್ಟಿಕ್ ಬೆಲ್ಟ್ ಹತ್ತಿರ ಇದ್ದರೆ ಈ ಉಪಾಯ ಬೇಡ. ಲೈಟರ್ ಅಂತೂ ಬೇಡವೇ ಬೇಡ. ಉಕ್ಕಿನ ಬಣ್ಣ ಹಳದಿಗೆ, ಆಮೇಲೆ ನೀಲಿಗೆ ತಿರುಗುತ್ತದೆ, ಪಾಲಿಶ್ ಮಾಡದೆ ಅದು ಹೋಗುವುದಿಲ್ಲ.

ತುಕ್ಕು ಹಿಡಿದದ್ದಾದರೆ ಸಂದಿಗೆ ಇಳಿಯುವ ಎಣ್ಣೆ, ಅಂದರೆ ಪೆನೆಟ್ರೇಟಿಂಗ್ ಆಯಿಲ್. ವಾಚಿನ ಮೇಲೆ ನೇರವಾಗಿ ಸ್ಪ್ರೇ ಮಾಡಬೇಡಿ. ಒಂದು ಮುಚ್ಚಳಕ್ಕೆ ಸ್ವಲ್ಪ ಹಾಕಿಕೊಂಡು, ಸೂಜಿಯ ತುದಿಯಲ್ಲಿ ಒಂದೊಂದೇ ಹನಿ ಎತ್ತಿ ಸ್ಕ್ರೂ ತಲೆಯ ಸುತ್ತ, ಸಾಧ್ಯವಾದರೆ ಇನ್ನೊಂದು ತುದಿಯ ಕಡೆಯಿಂದಲೂ ಬಿಡಿ. ಚರ್ಮದ ಬೆಲ್ಟಿಗೆ ತಾಗಿದರೆ ಕಲೆ ಹೋಗುವುದಿಲ್ಲ, ಹಳೇ ಬೆಲ್ಟು ಹೇಗೂ ಎಸೆಯುವುದೇ ಆದರೆ ಮೊದಲೇ ಕತ್ತರಿಸಿ ತೆಗೆದುಬಿಡಿ, ಕೆಲಸಕ್ಕೆ ಜಾಗವೂ ಸಿಗುತ್ತದೆ. ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಬರಲಿಲ್ಲ ಅಂದರೆ ಸ್ವಲ್ಪ ಬಿಸಿ ಮಾಡಿ, ಆರಲು ಬಿಟ್ಟು, ಮತ್ತೆ ಒಂದು ಹನಿ. ಲೋಹ ಹಿಗ್ಗಿ ಕುಗ್ಗುವಾಗ ಸಂದಿ ಬಿಡಿಸಿಕೊಂಡು ಎಣ್ಣೆ ಇನ್ನಷ್ಟು ಒಳಗೆ ಇಳಿಯುತ್ತದೆ. ಎಣ್ಣೆ ಹಾಕಿದ ಮೇಲೆ ಸೋಲ್ಡರಿಂಗ್ ಐರನ್ ಮಾತ್ರ ಮುಟ್ಟಿಸಬೇಡಿ, ಹೊಗೆ ಏಳುತ್ತದೆ, ಹೊತ್ತಿಕೊಳ್ಳಲೂಬಹುದು. ಹೇರ್ ಡ್ರೈಯರ್ ಸಾಕು. ಮೂರು ನಾಲ್ಕು ದಿನ ಹೀಗೆ ಮಾಡಬೇಕಾದರೂ ಮಾಡಿ, ತಲೆ ಸರಿ ಇರುವವರೆಗೆ ದಾರಿ ಇದ್ದೇ ಇರುತ್ತದೆ.

ತಲೆ ಆಗಲೇ ಹೋಗಿದೆಯಾ? ಸೀಳು ಪೂರ್ತಿ ಮಾಯವಾಗಿಲ್ಲ ಅಂದರೆ ಚಿನ್ನದ ಕೆಲಸದವರು ಬಳಸುವ ಸಣ್ಣ ಗರಗಸದ ಬ್ಲೇಡಿನಿಂದ ಅದನ್ನೇ ಆಳ ಮಾಡಬಹುದು. ಆದರೆ ತಲೆ ಗುಳಿಯೊಳಗೆ ಕೂತಿದ್ದರೆ ಗರಗಸ ಅಲ್ಲಿಗೆ ತಲುಪುವುದಿಲ್ಲ, ಕೊರೆದು ತೆಗೆಯುವುದೊಂದೇ ಉಳಿಯುವ ದಾರಿ. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ. ಡ್ರಿಲ್ ಒಂದು ಕೂದಲೆಳೆ ಪಕ್ಕಕ್ಕೆ ಹೋದರೂ ವಾಚಿನ ಕೇಸ್ ಹಾಳು.

ಮುರಿದ ಸ್ಕ್ರೂವನ್ನು ಪಟಿಕದ ನೀರಿನಲ್ಲಿ ಕರಗಿಸಬಹುದು ಅಂತ ಓದಿದವರು ಆಗಾಗ ಕೇಳುತ್ತಾರೆ. ಪದ್ಧತಿ ನಿಜ, ಹಳೆಯದು ಕೂಡ. ಹಿತ್ತಾಳೆಯ ಭಾಗದೊಳಗೆ ಮುರಿದ ಸಾಮಾನ್ಯ ಉಕ್ಕಿನ ಸ್ಕ್ರೂ ಪಟಿಕದ ಬಿಸಿ ದ್ರಾವಣದಲ್ಲಿ ನಿಧಾನವಾಗಿ ಕರಗಿ ಹೋಗುತ್ತದೆ, ಹಿತ್ತಾಳೆ ಹಾಗೇ ಉಳಿಯುತ್ತದೆ. ಆದರೆ ಬೆಲ್ಟ್, ಚೈನ್ ಸ್ಕ್ರೂಗಳು ಹೆಚ್ಚಾಗಿ ಸ್ಟೇನ್‌ಲೆಸ್, ಕೇಸೂ ಸ್ಟೇನ್‌ಲೆಸ್. ಇಲ್ಲಿ ಆ ಉಪಾಯ ನಡೆಯುವುದಿಲ್ಲ.

ಬಿಚ್ಚಿದ ಮೇಲೆ ವಾಪಸ್ ಹಾಕುವಾಗ ಸ್ವಲ್ಪ ಗಮನ ಕೊಟ್ಟರೆ ಮುಂದಿನ ಸಲ ಇಷ್ಟೆಲ್ಲ ಪಾಡು ಇರುವುದಿಲ್ಲ. ಹಳೇ ಅಂಟಿನ ಪುಡಿ, ಎಣ್ಣೆ ಎಲ್ಲ ತೆಗೆಯಿರಿ, ಎಣ್ಣೆ ಉಳಿದರೆ ಹೊಸ ಅಂಟು ಹಿಡಿಯುವುದಿಲ್ಲ. ತಲೆ ಕೆಟ್ಟ ಸ್ಕ್ರೂ ಮತ್ತೆ ಹಾಕಬೇಡಿ, ಹೊಸದು ತರಿಸಿ. ಲಾಕ್‌ಟೈಟ್ ಕಂಪನಿಯ ಥ್ರೆಡ್ ಲಾಕರ್‌ಗಳಲ್ಲಿ ನೇರಳೆ ಬಣ್ಣದ 222 ಇಂಥ ಸಣ್ಣ ಸ್ಕ್ರೂಗಳಿಗೆ ಸರಿ, ನೀಲಿಯ 243 ಅದಕ್ಕಿಂತ ಗಟ್ಟಿ, ಕೆಂಪು 271 ಹತ್ತಿರಕ್ಕೂ ತರಬೇಡಿ. ಸೂಜಿಯ ತುದಿಯಲ್ಲಿ ಒಂದು ಚುಕ್ಕಿಯಷ್ಟು ಥ್ರೆಡ್ ಮೇಲೆ, ತಲೆಯ ಹತ್ತಿರ ಅಲ್ಲ. ಈ ಅಂಟು ಗಾಳಿ ಸಿಗದ ಕಡೆ, ಲೋಹದ ನಡುವೆ ಗಟ್ಟಿಯಾಗುವಂಥದ್ದು, ಸ್ಟೇನ್‌ಲೆಸ್‌ನಲ್ಲಿ ಇನ್ನೂ ನಿಧಾನ, ಅದಕ್ಕೇ ಒಂದು ದಿನ ಪೂರ್ತಿ ವಾಚ್ ಕಟ್ಟದೆ ಬಿಡಿ. ಅಂಟು ಸಿಗಲಿಲ್ಲ ಅಂತ ಫೆವಿಕ್ವಿಕ್ ಹಾಕುವವರಿದ್ದಾರೆ, ದಯವಿಟ್ಟು ಬೇಡ. ಅದು ಸಂದಿಯೆಲ್ಲ ಹರಿದು ಕೊಂಡಿಗಳನ್ನೇ ಒಂದಕ್ಕೊಂದು ಅಂಟಿಸುತ್ತದೆ.

ಕೊನೆಗೆ ರಿಪೇರಿಯವರ ಹತ್ತಿರ ಹೋಗಲೇಬೇಕಾಗಿ ಬಂದರೆ ಏನೇನು ಮಾಡಿದ್ದೀರಿ ಅಂತ ಪೂರ್ತಿ ಹೇಳಿ. ಎಣ್ಣೆ ಹಾಕಿದ್ದರೆ ಯಾವ ಎಣ್ಣೆ, ಬಿಸಿ ಮಾಡಿದ್ದರೆ ಯಾವುದರಿಂದ, ಯಾವ ಅಂಟು, ಎಷ್ಟು ಸಲ ಬ್ಲೇಡ್ ಜಾರಿತು. ಎಣ್ಣೆ ಇರುವುದು ಗೊತ್ತಿದ್ದರೆ ನಾವು ಮೊದಲು ತೊಳೆದು ಆಮೇಲೆ ಬಿಸಿ ಮಾಡುತ್ತೇವೆ, ಗೊತ್ತಿಲ್ಲದಿದ್ದರೆ ಐರನ್ ಇಟ್ಟ ಕೂಡಲೇ ಹೊಗೆ ಏಳುತ್ತದೆ. ಒಳಗಿನಿಂದ ಬಿದ್ದ ಚೂರುಗಳು, ಕೊಳವೆ, ಸಣ್ಣ ವಾಶರ್ ಏನಿದ್ದರೂ ಒಂದು ಪೊಟ್ಟಣದಲ್ಲಿ ಕಟ್ಟಿ ತನ್ನಿ. ಅರ್ಧ ಮುರಿದ ಸ್ಕ್ರೂ ಕೂಡ ಎಸೆಯಬೇಡಿ, ಅದರ ಥ್ರೆಡ್ ಅಳತೆ ನೋಡಿಯೇ ಹೊಸದನ್ನು ಹುಡುಕಬೇಕು.